ವಿಡಿಯೊ ಮುಗಿಯುವಾಗ ಸಂಗೀತ ತುಂಡಾಗುತ್ತಿತ್ತು, ಹೀಗೆ ಸರಿಯಾಯಿತು

ಅಮ್ಮ ಒಬ್ಬಟ್ಟು ಮಾಡುವ 30 ಸೆಕೆಂಡಿನ ವಿಡಿಯೊಗೆ ಎಲ್‌ಎಂಎಂಎಸ್ ಎಂಬ ಸಂಗೀತ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ನಾನೇ ಹಿನ್ನೆಲೆ ಸಂಗೀತ ಮಾಡಿದ್ದೆ. ಕೊನೆಗೆ ತುಪ್ಪ ಹಾಕುವ ಹೊತ್ತಿಗೆ ತಾಳದ ನಡುವೆಯೇ ಕಟ್ ಆಗುತ್ತಿತ್ತು. ಸದ್ದು ಮೆಲ್ಲಗೆ ಇಳಿದು ಮುಗಿಯುವಂತೆ ಫೇಡ್ ಔಟ್ ಕೊಟ್ಟು ನೋಡಿದೆ. ಆ ಶಾಟ್‌ನ ಜೀವವೇ ಹೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಹೊಸ ಪ್ರಾಜೆಕ್ಟ್ ತೆರೆದಾಗ ಟೆಂಪೊ 140 ಇರುತ್ತದೆ, ಅಂದರೆ ನಿಮಿಷಕ್ಕೆ 140 ಬೀಟ್. ಅರ್ಧ ನಿಮಿಷಕ್ಕೆ 70. ನಾಲ್ಕು ಬೀಟಿಗೆ ಒಂದು ಬಾರ್, ಹಾಗಾಗಿ ಹದಿನೇಳೂವರೆ ಬಾರ್. ಆ ಅರ್ಧದಲ್ಲೇ ತೊಂದರೆ ಇತ್ತು, ಅಲ್ವಾ? ಟೆಂಪೊ 128ಕ್ಕೆ ಇಳಿಸಿದೆ. 64 ಬೀಟ್, ಸರಿಯಾಗಿ 16 ಬಾರ್. ಮಿಕ್ಕ ಒಂದೂವರೆ ಬಾರ್ ಅಳಿಸಿದೆ. ವೇಗ ತುಸು ತಗ್ಗಿದ್ದು ಅಮ್ಮನ ಕೈ ಓಡಾಟಕ್ಕೂ ಚೆನ್ನಾಗಿ ಹೊಂದಿತು. ಈಗ ತುಪ್ಪ ಬೀಳುವಾಗಲೇ ಕೊನೆಯ ಪೆಟ್ಟು ಬೀಳುತ್ತದೆ.