ಸಿತಾರ್ ಬಿಟ್ಟು ಪೇಟಿ ಆರಿಸಿಕೊಂಡೆ

ನಲವತ್ತು ದಾಟಿದ ಮೇಲೆ ಒಂದು ವಾದ್ಯ ಕಲಿಯಲೇಬೇಕು ಅಂತ ಮನಸ್ಸು ಮಾಡಿದೆ. ಸಿತಾರ್, ಬಾನ್ಸುರಿ, ಪೇಟಿ (ಹಾರ್ಮೋನಿಯಂ) ಮೂರೂ ನನಗೆ ಇಷ್ಟ. ಯಾವುದು ಸುಲಭ ಅಂತ ಯಾರನ್ನೂ ಕೇಳಲಿಲ್ಲ. ಕಲಿತ ಮೇಲೆ ಯಾರ ಜೊತೆ ಕೂತು ನುಡಿಸ್ತೀನಿ ಅಂತ ನನ್ನನ್ನೇ ಕೇಳಿಕೊಂಡೆ.

ಸಿತಾರ್ ನೋಡಲು ಮಿರಜ್‌ಗೆ ಹೋದೆ. ಬೆಳಗಾವಿಯಿಂದ ರೈಲಿದೆ, ದೂರವೇನಲ್ಲ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಕುಶಲಕರ್ಮಿಗಳು ಜವಾರಿಯನ್ನು (ತಂತಿಗಳು ಹಾಯುವ ಪಟ್ಟಿಯನ್ನು) ಚೂರು ಚೂರೇ ಉಜ್ಜಿ, ತಂತಿ ಮೀಟಿ, ಮತ್ತೆ ಉಜ್ಜುವುದನ್ನು ನೋಡ್ತಾ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಆದರೆ ಸಿತಾರ್‌ನಲ್ಲಿ ಮೇಲಿನ ತಂತಿಗಳ ಜೊತೆಗೆ ಕೆಳಗೆ ಮೀಟದೆಯೇ ಮಿಡಿಯುವ ತರಬ್ ತಂತಿಗಳೂ ಇವೆ. ಎಲ್ಲವನ್ನೂ ಶ್ರುತಿ ಮಾಡಬೇಕು. ನನಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸಿಗೋದು ಅರ್ಧ ಗಂಟೆ. ಹೊಸಬಳ ಕೈಯಲ್ಲಿ ಅದೆಲ್ಲ ಶ್ರುತಿಗೇ ಹೋಗುತ್ತದೆ.

ಬಾನ್ಸುರಿ ಅಗ್ಗ, ಚೀಲದಲ್ಲಿ ಹಿಡಿಸುತ್ತದೆ. ಆದರೆ ನುಡಿಸುವಾಗ ಹಾಡಲು ಬರೋದಿಲ್ಲ ಅಲ್ವಾ? ನನಗೆ ಹಾಡಬೇಕಿತ್ತು. ನಮ್ಮ ಓಣಿಯ ಗುಡಿಯಲ್ಲಿ ಸೋಮವಾರ ಭಜನೆ ಇರುತ್ತದೆ. ಹಾಡುವವರು ಬೇಕಾದಷ್ಟು ಜನ, ತಬಲಾಕ್ಕೂ ಹುಡುಗರಿದ್ದಾರೆ. ಪೇಟಿಗೆ ಒಬ್ಬರೇ ಹಿರಿಯರು. ಅವರು ಬರದ ದಿನ ವಚನ, ತತ್ವಪದ ಎಲ್ಲವೂ ಬರೀ ತಾಳದ ಮೇಲೆ ನಡೆಯಬೇಕು. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು.

ಮಾಸ್ತರರ ಹತ್ತಿರ ಹೋದಾಗ ಅವರು ಪೇಟಿ ಮುಟ್ಟಲು ಬಿಡಲಿಲ್ಲ. “ಮೊದಲ ನಿಮ್ಮ ದನಿ ಎಲ್ಲಿ ಕುಂದರ್ತೈತಿ ನೋಡೂಣ್ರಿ” ಅಂದರು. ನನ್ನ ಷಡ್ಜ, ಅಂದರೆ ‘ಸ’, ಕರಿ 4ಕ್ಕೆ ಬಂತು, ಪೇಟಿಯ ನಾಲ್ಕನೇ ಕಪ್ಪು ಮನೆಗೆ (ಕೀಗೆ). ಭಜನೆಯ ಗಂಡಸರು ಹಾಡೋದು ಕರಿ 1ರಲ್ಲಿ. ಹಾಗಾದರೆ ಮನೆಗಳನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿ ತಗೊಳ್ಳಲೇ ಎಂದು ಕೇಳಿದೆ. ಬೇಡ ಅಂದರು. ಅದು ಭಾರ ಜಾಸ್ತಿ, ಬೆಲೆ ಜಾಸ್ತಿ, ಒಳಗೆ ಕೆಡುವ ಭಾಗಗಳೂ ಜಾಸ್ತಿ. ಕರಿ 4, ಕರಿ 1 ಎರಡೂ ಕಡೆಯಿಂದ ಬೆರಳು ತಿರುಗಿಸೋದು ಕಲಿತರೆ ಯಾವ ಪೇಟಿ ಸಿಕ್ಕರೂ ಕೂರಬಹುದು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ.

ಎರಡು ಸಾಲು ರೀಡಿನ (ದನಿ ಕೊಡುವ ಲೋಹದ ನಾಲಿಗೆಗಳ) ಸಾದಾ ಪೇಟಿ ತಗೊಂಡೆ. ಅಂಗಡಿಯಲ್ಲಿ ಹೊಳಪಿಗಿಂತ ಗಾಳಿ ನೋಡಬೇಕು. ಎಲ್ಲ ಸ್ಟಾಪ್ (ಗಾಳಿ ಬಿಡುವ ಗುಬುಟು) ಮುಚ್ಚಿ ಬಾತೆ (ಗಾಳಿ ತುಂಬುವ ತಿದಿ) ಒತ್ತಿ. ಗಾಳಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಸ್ಟಾಪ್ ತೆಗೆದು, ಯಾವ ಮನೆಯನ್ನೂ ಒತ್ತದೆ ಬಾತೆ ಹಾಕಿ. ಆಗಲೂ ದನಿ ಬಂದರೆ ಯಾವುದೋ ಮನೆ ಸರಿಯಾಗಿ ಮುಚ್ಚಿಲ್ಲ. ಕೊನೆಗೆ ಒಂದೊಂದೇ ಸ್ವರ ಹಿಡಿದು, ಮಂದ್ರ, ಮಧ್ಯ, ತಾರ ಮೂರೂ ಸ್ಥಾಯಿಗಳಲ್ಲಿ ಕೇಳಿ. ಷಡ್ಜದ ಜೊತೆ ಮೇಲಿನ ಷಡ್ಜ ಒತ್ತಿದಾಗ ದನಿ ಅಲೆಅಲೆಯಾಗಿ ನಡುಗಿದರೆ ಶ್ರುತಿ ಸೇರಿಲ್ಲ ಅಂತ ಅರ್ಥ. ತಾರದ ಸಣ್ಣ ರೀಡುಗಳು ಮೆಲ್ಲಗೆ ಬಾತೆ ಹಾಕಿದಾಗಲೂ ತಡವಿಲ್ಲದೆ ನುಡಿಯಬೇಕು. ನಾನು ಹೀಗೆ ನೋಡುವಾಗ ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ.

ಪೇಟಿಯಲ್ಲಿ ಮೀಂಡ್ ಬರೋದಿಲ್ಲ, ಇದು ನಿಜ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅಲ್ಲಿ ದಾರಿಯಿಲ್ಲ. ದರ್ಬಾರಿ ರಾಗದ ಗಾಂಧಾರ (ಗ) ತೂಗಬೇಕು, ಪೇಟಿಯ ಗಾಂಧಾರ ನಿಂತಲ್ಲೇ ನಿಲ್ಲುತ್ತದೆ. ಇಂಥ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಪೇಟಿಯನ್ನು ನಿಷೇಧಿಸಿತ್ತು. 1971ರವರೆಗೂ ಹಾಗೇ ನಡೆಯಿತು. ಆದರೂ ನಮ್ಮ ಬೆಳಗಾವಿಯಲ್ಲೇ ಪಂಡಿತ ರಾಮಭಾವು ವಿಜಾಪುರೆ ಅವರು ಪೇಟಿಯನ್ನೇ ಹಿಡಿದು ದೊಡ್ಡ ಕಲಾವಿದರಾದರು, ಎಷ್ಟೋ ಶಿಷ್ಯರನ್ನು ತಯಾರು ಮಾಡಿದರು. ಜಾರುವ ಸ್ವರವನ್ನು ನಾನು ಗಂಟಲಿನಲ್ಲಿ ಹಾಡ್ತೀನಿ, ಪೇಟಿ ಪಕ್ಕದಲ್ಲಿ ಆಧಾರ ಕೊಟ್ಟರೆ ಸಾಕು.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ಥಂಡಿಗೆ ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತವೆ, ರೀಡಿಗೂ ಒಳ್ಳೆಯದಲ್ಲ. ನೆಲಕ್ಕಿಡದೆ ಮಣೆಯ ಮೇಲಿಟ್ಟು ಬಟ್ಟೆ ಮುಚ್ಚಿ, ದಿನಾ ಸ್ವಲ್ಪ ನುಡಿಸಿ. ಅಂಟಿದ ಮನೆಗೆ ಎಣ್ಣೆ ಮಾತ್ರ ಹಾಕಬೇಡಿ, ರಿಪೇರಿಯವರಿಗೆ ಕೊಡಿ.

ಈಗ ಪಲ್ಟಾ (ಸ್ವರಗಳ ಅಭ್ಯಾಸ) ಕರಿ 4ರಿಂದ ಸಲೀಸಾಗಿ ಬರ್ತಿದೆ. ಕರಿ 1ರಿಂದ ಭೂಪ ರಾಗ ಕೂತಿದೆ, ಯಮನ್ ರಾಗ ನಡೀತಿದೆ. ಸೋಮವಾರ ಹಿರಿಯರ ಪಕ್ಕದಲ್ಲಿ ಕೂತು ಬಾತೆ ಹಾಕ್ತಾ ಅವರ ಬೆರಳು ನೋಡ್ತೀನಿ. ಸರಳವಾದ ಪದ ಬಂದಾಗ ಪೇಟಿಯನ್ನು ನನ್ನ ಕಡೆ ತಿರುಗಿಸ್ತಾರೆ.