ಅಡ್ಮಿಟ್ ಆಗುವ ಹಂತಕ್ಕೆ ಹೋಗದಿರಲು ಏನು ಮಾಡಬೇಕು?

ಶುಗರ್ ಏರಿ ತಲೆತಿರುಗಿ ಬೀಳುವುದು, ದಮ್ಮು ಕಟ್ಟಿ ನಡುರಾತ್ರಿ 108ಕ್ಕೆ ಫೋನ್ ಮಾಡುವುದು, ವಾಂತಿಭೇದಿಯಾದ ಮಗುವಿಗೆ ಸಲೈನ್ ಹಾಕಿಸುವುದು. ‘ಒಮ್ಮೆಲೇ ಹಿಂಗಾಯ್ತು’ ಅನ್ನುತ್ತೇವೆ. ಬಹಳ ಸಲ ಕಾಯಿಲೆ ಮೊದಲೇ ಸುಳಿವು ಕೊಟ್ಟಿರುತ್ತದೆ. ಆಗಲೇ ಓಪಿಡಿಗೆ ಹೋಗಿದ್ದರೆ ಹಾಸಿಗೆ ಹಿಡಿಯಬೇಕಿರಲಿಲ್ಲ.

1990ರ ದಶಕದ ಶುರುವಿನಲ್ಲಿ ಅಮೆರಿಕದ ಆರೋಗ್ಯ ಸಂಶೋಧಕ ಜಾನ್ ಬಿಲ್ಲಿಂಗ್ಸ್ ಮತ್ತು ಜೊತೆಗಾರರು ನ್ಯೂಯಾರ್ಕಿನ ಆಸ್ಪತ್ರೆ ದಾಖಲೆ ತೆಗೆದು ನೋಡಿದರು. ತಪ್ಪಿಸಬಹುದಾದ ಇಂಥ ಅಡ್ಮಿಷನ್ ಬಡವರ ಬಡಾವಣೆಗಳಲ್ಲೇ ಜಾಸ್ತಿ ಇತ್ತು. ಅಲ್ಲಿಂದ ಈ ಲೆಕ್ಕ ಇಡುವುದು ಬೇರೆ ದೇಶಗಳಿಗೂ ಹಬ್ಬಿತು. ಈಚೆಗೆ ಸಂಶೋಧಕರ ಗಮನ ಇನ್ನೊಂದು ಕಡೆ ಹೊರಳಿದೆ: ರೋಗಿ ಪ್ರತಿ ಸಲ ಒಬ್ಬರೇ ಡಾಕ್ಟರನ್ನು ಕಂಡರೆ ಏನಾಗುತ್ತದೆ? ಇಂಗ್ಲೆಂಡಿನಲ್ಲಿ 62ರಿಂದ 82 ವಯಸ್ಸಿನ 2.3 ಲಕ್ಷ ಜನರ ಮೇಲೆ ನಡೆದ 2017ರ ಅಧ್ಯಯನದಲ್ಲಿ, ಹಾಗೆ ಮಾಡಿದವರು ಅಡ್ಮಿಟ್ ಆದದ್ದು ಕಡಿಮೆ. ನಾರ್ವೆಯಲ್ಲಿ 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಡಾಕ್ಟರ್ ಇದ್ದವರಲ್ಲಿ ತುರ್ತು ಅಡ್ಮಿಷನ್ ಸಾಧ್ಯತೆ, ಒಂದೇ ವರ್ಷ ಇದ್ದವರಿಗಿಂತ ಸುಮಾರು ಶೇ 28 ಕಡಿಮೆ ಇತ್ತು. ಇದಕ್ಕೆ ಬೇರೆ ಕಾರಣಗಳೂ ಸೇರಿರಬಹುದು. ಆದರೂ ಎರಡೂ ದೇಶಗಳ ಲೆಕ್ಕ ಒಂದೇ ದಿಕ್ಕು ತೋರಿಸುತ್ತಿದೆ.

ರಾಯಚೂರು, ಸಿಂಧನೂರು ಕಡೆ ಇದನ್ನು ಮಾಡುವುದು ಹೇಗೆ?

ಮೊದಲು, ಒಂದು ದವಾಖಾನೆ, ಒಂದು ನೋಟ್‌ಬುಕ್. ಪಿಎಚ್‌ಸಿ ಡಾಕ್ಟರ್‌ಗೆ ವರ್ಗ ಆಗಬಹುದು, ನಿಮ್ಮ ನೋಟ್‌ಬುಕ್‌ಗೆ ಆಗುವುದಿಲ್ಲ ಅಲ್ವಾ? ಮಕ್ಕಳ ಹಳೆ ನೋಟ್‌ಬುಕ್ ಸಾಕು. ತಾರೀಖು, ಬಿಪಿ, ಶುಗರ್, ಗುಳಿಗೆ ಹೆಸರು ಬರೆಯಿರಿ. ಖಾಲಿ ಗುಳಿಗೆ ಪಟ್ಟಿಯನ್ನೇ ಹಾಳೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಓದಲು ಬಾರದ ಅಜ್ಜಿ ಅದನ್ನು ತೋರಿಸಿದರೂ ಹೊಸ ಡಾಕ್ಟರ್‌ಗೆ ತಿಳಿಯುತ್ತದೆ.

ಗುಳಿಗೆ ಮುಗಿಯುವ ವಾರ ಮೊದಲೇ ಹೋಗಿ. ಭತ್ತದ ನಾಟಿ, ಹತ್ತಿ ಬಿಡಿಸುವ ದಿನಗಳಲ್ಲಿ ‘ಆರಾಮ ಇದೀನಿ’ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಗುಳಿಗೆ ತಗೊಂಡಿದ್ದಕ್ಕೇ ಆರಾಮ ಇರುವುದು. ಬಿಪಿ, ಶುಗರ್ ಗುಳಿಗೆ ಪಿಎಚ್‌ಸಿಯಲ್ಲಿ ಉಚಿತ.

ದಮ್ಮು ಇದ್ದರೆ ಪಂಪ್ (ಇನ್ಹೇಲರ್) ಹಿಡಿಯುವುದನ್ನು ಕಲಿಯಿರಿ. ಜಿನ್ನಿಂಗ್ ಮಿಲ್, ರೈಸ್ ಮಿಲ್ ದೂಳಿನಲ್ಲಿ ದುಡಿಯುವವರಿಗೆ ಇದು ಬಹಳ ಮುಖ್ಯ. ಪಂಪ್ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಪಂಪಿನ ತುದಿ ಬಾಯಲ್ಲಿಟ್ಟು, ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ನಿಧಾನ ಉಸಿರೆಳೆಯುತ್ತಲೇ ಒಂದು ಸಲ ಒತ್ತಿ. 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಒತ್ತುವುದು, ಎಳೆಯುವುದು ಕೂಡಿಬರದಿದ್ದರೆ ಪಂಪಿಗೆ ಸಿಕ್ಕಿಸುವ ಸ್ಪೇಸರ್ ಡಬ್ಬಿ ಕೇಳಿ. ದಿನಾ ತಗೊಳ್ಳಿ ಎಂದು ಕೊಟ್ಟ ಪಂಪನ್ನು ದಮ್ಮು ಇಲ್ಲದ ದಿನವೂ ಬಿಡಬಾರದು. ಅದು ಸ್ಟೀರಾಯ್ಡ್ ಪಂಪ್ ಆಗಿದ್ದರೆ ಆಮೇಲೆ ಬಾಯಿ ಮುಕ್ಕಳಿಸಿ. ಮುಂದಿನ ಓಪಿಡಿಗೆ ಪಂಪ್ ಒಯ್ದು ಡಾಕ್ಟರ್ ಎದುರಿಗೇ ಒಮ್ಮೆ ಮಾಡಿ ತೋರಿಸಿ.

ಮಕ್ಕಳಿಗೆ ಭೇದಿ ಶುರುವಾದ ಕೂಡಲೇ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಪೂರ್ತಿಯನ್ನು ಒಂದು ಲೀಟರ್ ಶುದ್ಧ ನೀರಿಗೆ ಹಾಕಿ, ಅರ್ಧರ್ಧ ಮಾಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತದೆ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಆಗದಿದ್ದರೆ ಕೂಡಲೇ ಆಸ್ಪತ್ರೆಗೆ.

ಯಾವ ಸುಳಿವಿಗೆ ಅವತ್ತೇ ಹೋಗಬೇಕು? ಶುಗರ್ ಇದ್ದವರ ಕಾಲಿನಲ್ಲಿ ಗಾಯ, ಬೊಬ್ಬೆ ಕಂಡರೆ. ನೋವಿಲ್ಲ ಅಂತ ಬಿಡಬೇಡಿ, ಶುಗರ್ ಇದ್ದವರಿಗೆ ನೋವೇ ತಿಳಿಯದಿರಬಹುದು. ಹೃದಯದ ತೊಂದರೆ ಇದ್ದವರಿಗೆ ಕಾಲು ಊದಿ, ಎರಡು-ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಶಕ್ತಿ ಕಳೆದುಕೊಳ್ಳುವುದು, ಮಾತು ತೊದಲುವುದು ಇದ್ದರೆ ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಅಡ್ಮಿಟ್ ಆಗಿ ಬಂದಿದ್ದರೆ ಡಿಸ್ಚಾರ್ಜ್ ಆದ ವಾರದೊಳಗೆ ನಿಮ್ಮ ಡಾಕ್ಟರನ್ನು ಕಾಣಿ. ಡಿಸ್ಚಾರ್ಜ್ ಚೀಟಿ, ಮನೆಯಲ್ಲಿರುವ ಹಳೆ ಗುಳಿಗೆ, ಹೊಸ ಗುಳಿಗೆ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರಿಯಿರಿ. ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಎಂದು ಅಲ್ಲೇ ಕೇಳಿ ನೋಟ್‌ಬುಕ್‌ನಲ್ಲಿ ಬರೆಸಿಕೊಳ್ಳಿ.