ಪಾರ್ಲಿಮೆಂಟ್ ಕಮಿಟೀಲಿ ಸೀಟು ಜಾಸ್ತಿ ಮಾಡ್ಬೇಕಂದ್ರೆ ಏನೇನಾಗ್ಬೇಕು?

ಜನವರೀಲಿ ಮೂಡಿಗೆರೆ ಹತ್ರ ಅಕ್ಕನ ಮನೆಗೆ ಹೋಗಿದ್ದೆ. ಕಣದ ತುಂಬಾ ಒಣಗೋಕೆ ಕಾಫಿ ಹಣ್ಣು (ಚೆರಿ) ಹರವಿತ್ತು, ಭಾವ ಹಲಗೇಲಿ ಅದನ್ನ ಎಳೀತಾ ಎಳೀತಾನೇ ಕೇಳಿದ್ರು, "ಅಲ್ಲ ಮಾರಾಯ, ಕಾಫಿ ವಿಷ್ಯ ನೋಡೋ ಪಾರ್ಲಿಮೆಂಟ್ ಕಮಿಟೀಲಿ ನಮ್ ಕಡೆಯೋರು ಇಲ್ಲ ಅಂತಾದ್ರೆ ಇನ್ನೊಂದ್ ನಾಕು ಸೀಟು ಜಾಸ್ತಿ ಮಾಡಿ ಹಾಕ್ಬೋದಲ್ವ? ನಮ್ ಸೊಸೈಟೀಲಿ ಡೈರೆಕ್ಟರ್ ಸೀಟು ಹೆಚ್ಚಿಸ್ಲಿಲ್ವ?"

ಹೆಚ್ಚಿಸ್ಬೋದು ಭಾವ, ಆದ್ರೆ ಸೊಸೈಟೀಲಿ ಹೇಗೆ ಬೈಲಾ ತಿದ್ಬೇಕೋ ಅಲ್ಲೂ ಹಾಗೇನೆ ಅಂದೆ. ಆಮೇಲೆ ಹೇಳ್ತಾ ಹೋದಂಗೆ ಅದು ಉದ್ದಕ್ಕೆ ಬೆಳೀತು, ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಕಮಿಟಿ ಯಾವ್ದು ಅಂತ ಗೊತ್ತು ಮಾಡ್ಕೊಳ್ಳಿ. ಇಲ್ಲೇ ಮುಕ್ಕಾಲು ಜನ ಎಡವೋದು, ಕಾಫಿ ಅಂದ್ರೆ ಕೃಷಿ ಅಂದ್ಕೊಂಡು ಕೃಷಿ ಸಮಿತಿ ಕಡೆ ನೋಡ್ತಾರೆ, ಆದ್ರೆ ಕಾಫಿ ಬೋರ್ಡ್ ಇರೋದು ವಾಣಿಜ್ಯ ಸಚಿವಾಲಯದ ಕೆಳಗೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಾನೂ ಬೋರ್ಡಿಂದೇ, ಹಾಗಾಗಿ ನಮ್ದು ವಾಣಿಜ್ಯ ಸ್ಥಾಯಿ ಸಮಿತಿಗೆ, ಅಂದ್ರೆ ಆ ಇಲಾಖೆ ಕೆಲ್ಸ ನೋಡೋ ಎಂಪಿಗಳ ಕಾಯಂ ಸಮಿತಿಗೆ ಬರುತ್ತೆ. ಸಕಲೇಶಪುರ, ಆಲೂರು ಕಡೆ ಆನೆ ಕಾಟದ ವಿಷ್ಯ ಆದ್ರೆ ಪರಿಸರ, ಅರಣ್ಯ ನೋಡೋ ಸಮಿತಿ. ರೈಲಿಗೆ ರೈಲ್ವೆ ಸಮಿತಿ. ಇನ್ನೊಂದು, ಎಂಪಿ ಯಾರು ಅನ್ನೋದನ್ನೂ ಸರಿಯಾಗಿ ನೋಡ್ಕೊಳ್ಳಿ, ಕಡೂರು ಇರೋದು ಚಿಕ್ಕಮಗಳೂರು ಜಿಲ್ಲೇಲಿ ಆದ್ರೂ ಲೋಕಸಭೆಗೆ ಅದು ಹಾಸನ ಕ್ಷೇತ್ರ.

ಇಲಾಖೆಗೆ ಸಂಬಂಧಪಟ್ಟ ಇಂಥ ಸ್ಥಾಯಿ ಸಮಿತಿಗಳು ಈಗ 24 ಇವೆ. 16ನ್ನ ಲೋಕಸಭೆ ಕಡೆಯೋರು ನೋಡ್ಕೋತಾರೆ, 8ನ್ನ ರಾಜ್ಯಸಭೆಯೋರು. ಒಂದೊಂದ್ರಲ್ಲಿ ಹೆಚ್ಚಂದ್ರೆ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಅವಧಿ ಒಂದೇ ವರ್ಷ, ಮಂತ್ರಿಯಾದವ್ರಿಗೆ ಜಾಗ ಇಲ್ಲ. ಈ 31 ಅನ್ನೋ ನಂಬರು ಸಂವಿಧಾನದಲ್ಲಿಲ್ಲ, ಕಾನೂನಲ್ಲೂ ಇಲ್ಲ, ಸದನದ ನಿಯಮಾವಳೀಲಿದೆ. ಸಂವಿಧಾನದ 118ನೇ ವಿಧಿ ಹೇಳೋದಿಷ್ಟೇ, ನಿಮ್ ಸದನ ನಡೆಸೋ ನಿಯಮ ನೀವೇ ಮಾಡ್ಕೊಳ್ಳಿ ಅಂತ. ಹಾಗಾಗಿ ಮಸೂದೆ ತರ್ಬೇಕಾಗಿಲ್ಲ, ರಾಷ್ಟ್ರಪತಿ ಸಹಿ ಬೇಕಾಗಿಲ್ಲ.

ಹಾಗಾದ್ರೆ ತಿದ್ದೋದು ಹೇಗೆ? ಲೋಕಸಭೇಲಿ ನಿಯಮ ಸಮಿತಿ ಅಂತ 15 ಜನರದ್ದು ಒಂದಿದೆ, ಸ್ಪೀಕರೇ ಅದಕ್ಕೆ ಅಧ್ಯಕ್ಷರು. ಪ್ರಸ್ತಾಪ ಅಲ್ಲಿಗೆ ಹೋಗ್ಬೇಕು. ಅವ್ರು ಒಪ್ಪಿದ್ರೆ ಶಿಫಾರಸನ್ನ ಸದನದ ಮುಂದೆ ಮಂಡಿಸ್ತಾರೆ. ಅಲ್ಲಿಂದ ಏಳು ದಿನ ಟೈಮು, ಅಷ್ಟರೊಳಗೆ ಯಾವ ಸದಸ್ಯರೂ ತಿದ್ದುಪಡಿ ನೋಟಿಸ್ ಕೊಡ್ಲಿಲ್ಲ ಅಂದ್ರೆ ಸದನ ಒಪ್ಪಿದ ಹಾಗೇ ಲೆಕ್ಕ. ಯಾರಾದ್ರೂ ಕೊಟ್ರೆ ಅದು ಮತ್ತೆ ಸಮಿತಿಗೆ ವಾಪಸ್. ನಮ್ ಮಹಾಸಭೆ ಥರ ಕೂಗಾಟ, ಕುರ್ಚಿ ಎತ್ತೋದು ಏನೂ ಇಲ್ಲ, ಗದ್ದಲ ಇಲ್ದೇ ಆಗೋಗೋ ಕೆಲ್ಸ. ಎರಡೂ ಸದನದ ಸದಸ್ಯರು ಇರೋದ್ರಿಂದ ರಾಜ್ಯಸಭೇನೂ ತನ್ನ ನಿಯಮ ತಿದ್ಕೋಬೇಕು, ಒಂದು ಕಡೆ ಹೊಸ ನಂಬರು ಇನ್ನೊಂದು ಕಡೆ ಹಳೇ 31 ಅಂತ ಇರೋಕಾಗಲ್ಲ. ಆಮೇಲೆ ಪಕ್ಷಗಳು ಹೆಸರು ಕೊಡ್ತವೆ, ಸದನದಲ್ಲಿ ಯಾರ ಬಲ ಎಷ್ಟೋ ಹೆಚ್ಚುಕಮ್ಮಿ ಅದರ ಪ್ರಕಾರ, ನೇಮಕ ಮಾಡೋದು ಸ್ಪೀಕರ್ರು ಮತ್ತೆ ರಾಜ್ಯಸಭೆ ಸಭಾಪತಿ. ಅಂದ್ರೆ ಸೀಟು ಹೆಚ್ಚಿದ್ರೂ ಅದು ಕಾಫಿ ನಾಡಿಗೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಹೊಸ ಕುರ್ಚೀಲಿ ಯಾರು ಕೂರ್ತಾರೆ ಅನ್ನೋದು ಪಕ್ಷದ ಕೈಲಿ.

ಹಿಂದೆ ಹೆಚ್ಚಿಸಿದ್ದು ಉಂಟಾ ಅಂದ್ರೆ ಉಂಟು. ಸರ್ಕಾರದ ಖರ್ಚಿನ ಅಂದಾಜು ನೋಡೋ ಅಂದಾಜು ಸಮಿತೀಲಿ 25 ಇದ್ದದ್ದು 1956ರಲ್ಲಿ 30 ಆಯ್ತು, ಸಾರ್ವಜನಿಕ ಉದ್ದಿಮೆಗಳ ಸಮಿತಿ 15ರಿಂದ 22ಕ್ಕೆ ಹೋಗಿದ್ದು 1974ರಲ್ಲಿ. ಆದ್ರೆ ನಮ್ಮ ಇಲಾಖಾ ಸಮಿತಿಗಳ ಕಥೆ ಉಲ್ಟಾ. 1993ರಲ್ಲಿ ಶುರುವಾದಾಗ 17 ಸಮಿತಿ, ಒಂದೊಂದ್ರಲ್ಲಿ 45 ಜನ. 2004ರಲ್ಲಿ ಸಮಿತೀನ 24ಕ್ಕೆ ಏರಿಸಿ, ಜನಾನ 31ಕ್ಕೆ ಇಳಿಸಿದ್ರು. ಗುಣಿಸಿ ನೋಡಿ, ಮೊದ್ಲು 765 ಕುರ್ಚಿ, ಆಮೇಲೆ 744. ಸಮಿತಿ ಏಳು ಜಾಸ್ತಿಯಾಯ್ತು, ಕುರ್ಚಿ 21 ಕಮ್ಮಿಯಾಯ್ತು!

ಭಾವನಿಗೆ ಕಣದ ಮಣ್ಣಲ್ಲೇ ಕಡ್ಡೀಲಿ ಲೆಕ್ಕ ಗೀಚಿ ತೋರಿಸ್ದೆ. ಲೋಕಸಭೆಯಿಂದ 24 ಇಂಟು 21, ಅಂದ್ರೆ 504 ಕುರ್ಚಿ. ಇರೋ ಎಂಪಿಗಳು 543, ಅದ್ರಲ್ಲಿ ಮಂತ್ರಿಗಳನ್ನ, ಸ್ಪೀಕರನ್ನ ಕಳೀರಿ, ಉಳಿಯೋರು ತಲೆಗೊಂದು ಕುರ್ಚಿಗೇ ಕಷ್ಟ. ರಾಜ್ಯಸಭೆಯಿಂದ 240 ಬೇಕು, ಸದನದ ಒಟ್ಟು ಬಲವೇ 245. ಈಗ 31ನ್ನ ಮತ್ತೆ 45 ಮಾಡಿದ್ರೆ ಸುಮಾರು ಎಂಪಿಗಳು ಎರಡೆರಡು ಸಮಿತೀಲಿ ಕೂರ್ಬೇಕು. ಬಜೆಟ್ ಮಂಡನೆ ಆದ್ಮೇಲೆ ಸದನಕ್ಕೆ ಬಿಡುವು ಕೊಟ್ಟು ಎಲ್ಲಾ ಸಮಿತಿಗಳೂ ಒಟ್ಟೊಟ್ಟಿಗೇ ಅನುದಾನದ ಬೇಡಿಕೆ, ಅಂದ್ರೆ ಇಲಾಖೆಗಳು ಕೇಳಿರೋ ದುಡ್ಡಿನ ಲೆಕ್ಕ ನೋಡ್ತಾ ಕೂತಿರ್ತವೆ, ಒಬ್ಬನೇ ಮನುಷ್ಯ ಎರಡು ರೂಮಲ್ಲಿ ಹೇಗಿರ್ತಾನೆ? ಕೋರಂ ಬೇರೆ ಮೂರನೇ ಒಂದು ಭಾಗ, ಈಗ ಹತ್ತು ಹನ್ನೊಂದು ಜನ ಬಂದ್ರೆ ಸಭೆ ನಡಿಯುತ್ತೆ, 45 ಆದ್ರೆ 15 ಜನ ಬರ್ಬೇಕು. ಸೊಸೈಟೀಲಿ ಡೈರೆಕ್ಟರ್ ಜಾಸ್ತಿ ಆದ್ಮೇಲೆ ಕೋರಂ ಇಲ್ದೇ ಎಷ್ಟು ಸಲ ಸಭೆ ಮುಂದಕ್ಕೆ ಹೋಯ್ತು ಹೇಳಿ ಅಂದೆ, ಭಾವ ನಕ್ರು, ಉತ್ತರ ಕೊಡ್ಲಿಲ್ಲ.

ಅಂದಹಾಗೆ ಜಂಟಿ ಸದನ ಸಮಿತಿ ವಿಷ್ಯ ಬೇರೆ, ಅದನ್ನ ಇದರ ಜತೆ ಕಲಸ್ಬೇಡಿ. ಒಂದು ದೇಶ ಒಂದು ಚುನಾವಣೆ ಮಸೂದೆಗೆ 2024ರ ಡಿಸೆಂಬರಲ್ಲಿ ಮೊದ್ಲು 31 ಜನ ಅಂದಿದ್ರು, ಎರಡ್ಮೂರು ದಿನದಲ್ಲೇ 39 ಆಯ್ತು. ಅದು ಆ ಒಂದು ಮಸೂದೆಗಷ್ಟೇ ಮಾಡಿದ ಸಮಿತಿ, ಎರಡೂ ಸದನದಲ್ಲಿ ನಿರ್ಣಯ ಆದ್ರೆ ಸಾಕು, ನಿಯಮ ಮುಟ್ಟೋ ಅಗತ್ಯಾನೇ ಇಲ್ಲ.

ಕಮಿಟಿಗಳ ರಿಪೋರ್ಟಿಗೆ ಏನ್ ಬೆಲೆ ಅಂತ ಕೇಳೋರಿಗೆ ಚಿಕ್ಕಮಗಳೂರಿನ ಹಳಬರು ಉತ್ತರ ಹೇಳ್ಬಲ್ರು. 1978ರ ನವೆಂಬರಲ್ಲಿ ನಾವು ಗೆಲ್ಸಿ ಕಳಿಸಿದ ಇಂದಿರಾ ಗಾಂಧೀನ ಡಿಸೆಂಬರಲ್ಲೇ ಲೋಕಸಭೆಯಿಂದ ಹೊರಗೆ ಹಾಕಿದ್ದು ಹಕ್ಕುಬಾಧ್ಯತಾ ಸಮಿತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ ಆದ ದೂರು ನೋಡೋ ಸಮಿತಿ ವರದಿ ಮೇಲೆ. ಅದು ಬೇರೆ ಥರದ ಸಮಿತಿ, ತೀರ್ಮಾನ ಮಾಡಿದ್ದು ಸದನ, ಇರ್ಲಿ. ಇಲಾಖಾ ಸಮಿತಿಗಳಿಗೆ ಅಷ್ಟು ಪವರ್ ಇಲ್ಲ, ಅವು ಸಲಹೆ ಕೊಡ್ತವೆ ಅಷ್ಟೇ, ಆದ್ರೆ ಒಪ್ಪಿದ್ರಾ ಬಿಟ್ರಾ ಅಂತ ಸರ್ಕಾರ ಉತ್ತರ ಬರ್ಕೊಡ್ಬೇಕು.

ನನ್ನ ಕೇಳಿದ್ರೆ ಸೀಟು ಕೇಳೋದಕ್ಕಿಂತ ಟೈಮು ಕೇಳಿ. ವಾಣಿಜ್ಯ ಸಮಿತಿ ಮುಂದೆ ರಫ್ತು, ಪೇಟೆಂಟು, ವಿಶೇಷ ಆರ್ಥಿಕ ವಲಯ, ಟೀ, ರಬ್ಬರು, ಮೆಣಸು ಎಲ್ಲಾ ಇರುತ್ತೆ, ಕಾಫಿಗೆ ಅಂತ ಒಂದು ಉಪಸಮಿತಿ ಮಾಡ್ಸೋಕೆ ನಿಯಮ ತಿದ್ಬೇಕಾಗೂ ಇಲ್ಲ. ಸಮಿತಿ ಒಂದು ವಿಷ್ಯ ಅಥವಾ ಮಸೂದೆ ಕೈಗೆತ್ತಿಕೊಂಡಾಗ ಪೇಪರಲ್ಲಿ ಜಾಹೀರಾತು ಕೊಟ್ಟು ಜನರಿಂದ ಲಿಖಿತ ಅಭಿಪ್ರಾಯ ಕರೀತಾರೆ, ಸಾಮಾನ್ಯವಾಗಿ ಎರಡು ವಾರ ಟೈಮು. ಹಿಂದಿ ಅಥವಾ ಇಂಗ್ಲಿಷಲ್ಲಿ ಬರೀಬೇಕು, ಇದು ನನಗೂ ಸಿಟ್ಟು ಬರ್ಸೋ ವಿಷ್ಯಾನೇ. ಖುದ್ದಾಗಿ ಹೇಳ್ಬೇಕು ಅಂತಿದ್ರೆ ಅದನ್ನೂ ಅದ್ರಲ್ಲೇ ಬರೀರಿ. ಕಳಿಸಿದ್ಮೇಲೆ ಅದು ಸಮಿತಿ ದಾಖಲೆ, ಫೇಸ್‌ಬುಕ್ಕಿಗೆ, ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ.

ಭಾವ ಎಲ್ಲಾ ಕೇಳಿ ಹಲಗೆ ಗೋಡೆಗೆ ಒರಗಿಸಿದ್ರು. "ಸರಿ, ಜಾಹೀರಾತು ಬಂದಾಗ ನೀನೇ ಇಂಗ್ಲಿಷಲ್ಲಿ ಬರ್ಕೊಡು ಮಾರಾಯ, ಸೈನು ಬೇಕಾದ್ರೆ ಇಡೀ ಸೊಸೈಟೀದೇ ಹಾಕಿಸ್ತೀನಿ."